ಮನೆಯಲ್ಲೇ ಸ್ಪೀಕರ್ ಬಾಕ್ಸ್: ಯಾವ ಹಲಗೆ, ಯಾವ ಜೋಡಣೆ, ಯಾವ ಪಾಲಿಶ್?

ನಾನು ಮೊದಲ ಸಲ ಮಾಡಿದ ಸ್ಪೀಕರ್ ಬಾಕ್ಸಿನಲ್ಲಿ ಅಪ್ಪ ಆಕಾಶವಾಣಿಯ ಬೆಳಗಿನ ವಾರ್ತೆ ಕೇಳಿದರು. ಸ್ವಲ್ಪ ಹೊತ್ತು ಕೇಳಿ, "ಡಬ್ಬದೊಳಗೆ ಕೂತು ಓದಿದ ಹಾಗಿದೆ ಕಣೋ" ಅಂದರು. ಬಾಕ್ಸಿನ ಪಕ್ಕದ ಹಲಗೆಗೆ ಅಂಗೈ ಇಟ್ಟು ನೋಡಿದೆ. ಒಂದೊಂದು ಮಾತಿಗೂ ಹಲಗೆ ಜುಮ್ ಅನ್ನುತ್ತಿತ್ತು. 12 ಎಂಎಂ ಪ್ಲೈವುಡ್, ಒಳಗೆ ಒಂದು ಅಡ್ಡಪಟ್ಟಿಯೂ ಇಲ್ಲ. ಮುಂದಿನ ತಿಂಗಳು ಅದೇ ವೂಫರ್ (ತಗ್ಗು ಸ್ವರದ ಸ್ಪೀಕರ್), ಅದೇ ಟ್ವೀಟರ್ (ಮೇಲಿನ ಸ್ವರದ ಸ್ಪೀಕರ್), ಅದೇ ಕ್ರಾಸ್‌ಓವರ್ (ಸ್ವರಗಳನ್ನು ಇವೆರಡಕ್ಕೂ ಹಂಚುವ ಸರ್ಕ್ಯೂಟ್) ಬಿಚ್ಚಿ ಇನ್ನೊಂದು ಬಾಕ್ಸಿಗೆ ಹಾಕಿದೆ. ಡಬ್ಬದ ದನಿ ಹೋಯಿತು. ಬದಲಾಗಿದ್ದು ಬಾಕ್ಸ್ ಮಾತ್ರ.

ವೀಣೆ ಮಾಡುವವರು ಹಲಸಿನ ಮರ ಹುಡುಕುವುದು ತಂತಿಯ ಜೊತೆ ಮರವೂ ನುಡಿಯಲಿ ಅಂತ. ಸ್ಪೀಕರ್ ಬಾಕ್ಸಿನಲ್ಲಿ ನಮಗೆ ಬೇಕಾಗಿದ್ದು ಇದರ ಉಲ್ಟಾ. ಹಾಡಿನಲ್ಲಿರುವ ವೀಣೆ ಕೇಳಬೇಕು, ಬಾಕ್ಸಿನ ಮರ ಕೇಳಬಾರದು. ಹಲಗೆ, ಅಂಟು, ಪಾಲಿಶ್ ಯಾವುದನ್ನು ಆರಿಸುವಾಗಲೂ ನಾನು ಮೊದಲು ನೋಡುವುದು ಇದನ್ನೇ.

ಮಾತು ಸ್ಪಷ್ಟವಾಗಿರಲಿ ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ: 6 ಇಂಚಿನ ಒಂದು ವೂಫರ್, ಒಂದು ಟ್ವೀಟರ್, ಶೆಲ್ಫಿನ ಮೇಲೋ ಸ್ಟ್ಯಾಂಡಿನ ಮೇಲೋ ಕೂರುವ ಒಂದು ಜೋಡಿ.

ಪೂರ್ತಿ ಮುಚ್ಚಿದ್ದೋ, ಪೋರ್ಟ್ ಇರುವುದೋ

ಮುಚ್ಚಿದ ಬಾಕ್ಸಿನಲ್ಲಿ ಒಳಗಿನ ಗಾಳಿಯೇ ವೂಫರಿಗೆ ಸ್ಪ್ರಿಂಗ್. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಈ ಗುಣವನ್ನೇ ನೆಚ್ಚಿಕೊಂಡು ಚಿಕ್ಕ ಬಾಕ್ಸಿನಿಂದ ಆಳದ ಬೇಸ್, ಅಂದರೆ ತಗ್ಗು ಸ್ವರ, ತೆಗೆದು ತೋರಿಸಿದರು. ಪೋರ್ಟ್, ಅಂದರೆ ಹೊರಕ್ಕೆ ತೆರೆದ ಕೊಳವೆ, ಇರುವ ಬಾಕ್ಸಿನಲ್ಲಿ ಆ ಕೊಳವೆಯೊಳಗಿನ ಗಾಳಿಯೂ ಒಂದು ನಿಗದಿತ ಸ್ವರಕ್ಕೆ ಕಂಪಿಸಿ ಬೇಸ್‌ಗೆ ಕೈ ಜೋಡಿಸುತ್ತದೆ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಬರುವ ದನಿ ಹುಟ್ಟುವುದೂ ಹೀಗೆಯೇ.

ಲೆಕ್ಕದಲ್ಲಿ ನೋಡಿದರೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ವೂಫರಿನ ಎಫ್‌ಎಸ್ (ಅದು ತಾನಾಗಿ ಕಂಪಿಸುವ ಸ್ವರ) 50 ಹರ್ಟ್ಜ್, ಕ್ಯುಟಿಎಸ್ (ಆ ಕಂಪನ ಎಷ್ಟು ಬೇಗ ಅಡಗುತ್ತದೆ ಅನ್ನುವ ಅಂಕಿ) 0.4, ವಿಎಎಸ್ (ಅದರ ಬಿಗಿಗೆ ಸಮನಾದ ಗಾಳಿಯ ಅಳತೆ) 20 ಲೀಟರ್ ಅಂದುಕೊಳ್ಳಿ. ಮುಚ್ಚಿದ ಬಾಕ್ಸಿಗೆ ಸುಮಾರು 9.4 ಲೀಟರ್ ಸಾಕು. ಬೇಸ್ ಸುಮಾರು 88 ಹರ್ಟ್ಜ್‌ನಿಂದ ಕೆಳಗೆ ಇಳಿಯುತ್ತಾ ಹೋಗುತ್ತದೆ, ಆದರೆ ನಿಧಾನವಾಗಿ, ಆಕ್ಟೇವ್‌ಗೆ (ಅಂದರೆ ಹರ್ಟ್ಜ್ ಅರ್ಧಕ್ಕೆ ಇಳಿದಂತೆಲ್ಲ) 12 ಡೆಸಿಬಲ್‌ನಂತೆ. ಅದೇ ವೂಫರಿಗೆ 20 ಲೀಟರ್ ಬಾಕ್ಸ್ ಮಾಡಿ 48 ಹರ್ಟ್ಜ್‌ಗೆ ಪೋರ್ಟ್ ಕೂರಿಸಿದರೆ ಬೇಸ್ 48ರ ಹತ್ತಿರದವರೆಗೂ ನಿಲ್ಲುತ್ತದೆ. ಅಲ್ಲಿಂದ ಕೆಳಗೆ ಮಾತ್ರ ಆಕ್ಟೇವ್‌ಗೆ 24 ಡೆಸಿಬಲ್‌ನಂತೆ ಕುಸಿಯುತ್ತದೆ. ಪೋರ್ಟ್‌ಗೆ 7 ಸೆಂಟಿಮೀಟರ್ ಒಳ ಅಗಲದ ಪಿವಿಸಿ ಪೈಪ್ 20 ಸೆಂಟಿಮೀಟರ್ ಉದ್ದ ಬೇಕು. ನೀರಿನ ಪೈಪ್ ಮಾರುವ ಅಂಗಡಿಯದೇ ಆಗುತ್ತದೆ.

ಹಾಗಾದರೆ ಪೋರ್ಟೇ ಒಳ್ಳೆಯದಲ್ವಾ? ವೂಫರಿನ ಲೆಕ್ಕ ನಿಮ್ಮ ಕೈಯಲ್ಲಿದ್ದರೆ ಹೌದು. ಈ ಲೆಕ್ಕಕ್ಕೆ ಬುನಾದಿ ಹಾಕಿದ್ದು 1961ರಲ್ಲಿ ಆಸ್ಟ್ರೇಲಿಯಾದ ನೆವಿಲ್ ಥೀಲ್. 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಅದನ್ನು ಬೆಳೆಸಿದರು. ಮೇಲಿನ ಮೂರು ಅಂಕಿಗಳನ್ನು ಒಳ್ಳೆಯ ವೂಫರ್ ಕಂಪನಿಗಳು ಕಾಗದದ ಮೇಲೆ ಕೊಡುತ್ತವೆ. ಆದರೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಬಿಡಿಯಾಗಿ ಸಿಗುವ ಎಷ್ಟೋ ವೂಫರ್‌ಗಳ ಮೇಲೆ ಓಮ್ಸ್, ವ್ಯಾಟ್ಸ್ ಬಿಟ್ಟರೆ ಬೇರೇನೂ ಬರೆದಿರುವುದಿಲ್ಲ. ಅಂಥದ್ದಕ್ಕೆ ಮುಚ್ಚಿದ ಬಾಕ್ಸೇ ಸರಿ. ಅಳತೆ ಒಂದೆರಡು ಲೀಟರ್ ಆಚೀಚೆ ಆದರೂ ಅದು ತಡೆದುಕೊಳ್ಳುತ್ತದೆ. ಪೋರ್ಟ್ ತಪ್ಪಾದರೆ ಮೃದಂಗದ ಎಡಗೈ ಪೆಟ್ಟು ಬಿಡಿಬಿಡಿಯಾಗಿ ಕೇಳದೆ ಒಂದೇ ಗುಂಯ್ ಆಗಿ ಉಳಿಯುತ್ತದೆ. ಮೊದಲ ಜೋಡಿ ಮಾಡುವವರಿಗೆ ನಾನು ಯಾವಾಗಲೂ ಮುಚ್ಚಿದ್ದನ್ನೇ ಹೇಳುತ್ತೇನೆ.

ಆಕಾರದ ವಿಷಯ ಚಿಕ್ಕದು. ಮೂರೂ ಒಳ ಅಳತೆ ಒಂದೇ ಆಗುವುದು ಬೇಡ. 21.5 ಸೆಂಟಿಮೀಟರ್ ಚೌಕದ ಬಾಕ್ಸಿನಲ್ಲಿ ಮೂರು ದಿಕ್ಕಿನ ಪ್ರತಿಧ್ವನಿಯೂ ಸುಮಾರು 800 ಹರ್ಟ್ಜ್‌ನಲ್ಲೇ ಬಂದು ಒಂದರ ಮೇಲೊಂದು ಕೂರುತ್ತವೆ. ಒಳಗೆ 17 ಅಗಲ, 20 ಆಳ, 30 ಎತ್ತರ ಇಟ್ಟರೆ ಅದೇ 10 ಲೀಟರ್, ಆದರೆ ಅವು 1000, 860, 570ಕ್ಕೆ ಹಂಚಿಹೋಗುತ್ತವೆ. 9.4 ಸಾಕಾಗುವಲ್ಲಿ ಹತ್ತು ಲೀಟರ್ ಇಟ್ಟದ್ದು ವೂಫರಿನ ಹಿಂಭಾಗ ಮತ್ತು ಅಡ್ಡಪಟ್ಟಿ ತಿನ್ನುವ ಜಾಗಕ್ಕೆ.

ಹಲಗೆ: ಇಲ್ಲಿ ನಿಮ್ಮ ಊರೂ ಮುಖ್ಯ

ಎಂಡಿಎಫ್ ಮತ್ತು ಪ್ಲೈವುಡ್ ನಡುವಿನ ಜಗಳ ಹಳೆಯದು. ಎರಡರಲ್ಲೂ ಬಾಕ್ಸ್ ಮಾಡಿದ್ದೇನೆ. ಎರಡೂ ಚೆನ್ನಾಗಿ ನುಡಿದಿವೆ.

ಎಂಡಿಎಫ್ ಅಂದರೆ ಮರದ ನಾರನ್ನು ಅಂಟಿನ ಜೊತೆ ಒತ್ತಿ ಮಾಡಿದ ಹಲಗೆ. ಎಲ್ಲ ಕಡೆಯೂ ಒಂದೇ ಸಮ, ಗಂಟಿಲ್ಲ, ಒಳಗೆ ಟೊಳ್ಳಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿದರೆ ಠಪ್ ಅಂದು ನಿಲ್ಲುತ್ತದೆ. ವೂಫರ್ ಕೂರುವ ಗುಂಡಿಯ ಅಂಚನ್ನು ರೌಟರ್‌ನಲ್ಲಿ (ಮರ ಕೊರೆಯುವ ಯಂತ್ರ) ತೆಗೆದರೆ ಬೆಣ್ಣೆ ಕೊಯ್ದಷ್ಟು ನುಣ್ಣಗೆ ಬರುತ್ತದೆ. ಬಣ್ಣ ಹೊಡೆಯುವ ಆಲೋಚನೆ ಇದ್ದರೆ ಇದಕ್ಕಿಂತ ಒಳ್ಳೆಯ ಮೈ ಸಿಗುವುದಿಲ್ಲ. ತೊಂದರೆ ಮೂರು. ಒಂದು, ಭಾರ: 18 ಎಂಎಂನ 8×4 ಅಡಿ ಹಾಳೆ ಸುಮಾರು 40 ಕೆಜಿ. ಎರಡು, ಸ್ಕ್ರೂ ಹಿಡಿತ: ಅಂಚಿಗೆ ನೇರವಾಗಿ ಸ್ಕ್ರೂ ಹಾಕಿದರೆ ಸೀಳುತ್ತದೆ, ವೂಫರನ್ನು ಎರಡು ಸಲ ಬಿಚ್ಚಿ ಹಾಕಿದರೆ ತೂತು ಸಡಿಲವಾಗುತ್ತದೆ. ಮೂರನೆಯದು ನೀರು, ಎಲ್ಲಕ್ಕಿಂತ ದೊಡ್ಡದು. ಕೆಳ ಅಂಚು ಒಮ್ಮೆ ನೆನೆದು ಉಬ್ಬಿದರೆ ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ. ನೆಲ ಒರೆಸುವ ಬಟ್ಟೆಯ ತೇವವೇ ಸಾಕು. ಎಂಡಿಎಫ್ ಬಾಕ್ಸಿಗೆ ಅಡಿಯಲ್ಲಿ ರಬ್ಬರ್ ಕಾಲು ಹಾಕದೆ ಇಡಲೇಬೇಡಿ.

ಪ್ಲೈವುಡ್ ಹಗುರ, ಬಿಗಿ, ಸ್ಕ್ರೂ ಗಟ್ಟಿಯಾಗಿ ಕೂರುತ್ತದೆ. ಹೊತ್ತು ತಿರುಗುವ ಬಾಕ್ಸ್‌ಗಳನ್ನು, ಅಂದರೆ ಜಾತ್ರೆ, ಆರ್ಕೆಸ್ಟ್ರಾದವರು ಲಾರಿಗೆ ಏರಿಸಿ ಇಳಿಸುವಂಥವನ್ನು ಪ್ಲೈವುಡ್‌ನಲ್ಲಿ ಮಾಡುವುದು ಇದಕ್ಕೇ. ಆದರೆ ಪ್ಲೈವುಡ್ ಅಂತ ಒಂದೇ ಹೆಸರಿನಲ್ಲಿ ಹತ್ತು ಗುಣಮಟ್ಟ ಸಿಗುತ್ತದೆ. ಅಂಗಡಿಯಲ್ಲಿ 'ಕಮರ್ಷಿಯಲ್' ಅಂತ ಕೊಡುವುದು ಸಾಮಾನ್ಯವಾಗಿ ಎಂಆರ್ ದರ್ಜೆ, ಐಎಸ್ 303. ಅದು ತೇವ ಸ್ವಲ್ಪ ತಡೆಯುತ್ತದೆ, ನೀರು ತಡೆಯುವುದಿಲ್ಲ. ಐಎಸ್ 710 ಅಂತ ಮುದ್ರೆ ಇರುವುದು ಮರೀನ್ ಪ್ಲೈ. ಅದರ ಅಂಟು ಕುದಿಯುವ ನೀರಿಗೂ ಬಿಡುವುದಿಲ್ಲ. ನಮ್ಮ ಕೆಲಸಕ್ಕೆ ಅಂಟಿನಷ್ಟೇ ಮುಖ್ಯವಾದದ್ದು ಒಳಗಿನ ಪದರಗಳಲ್ಲಿ ಖಾಲಿ ಜಾಗ ಇರಬಾರದು ಅನ್ನುವುದು. ಹಾಳೆಯ ನಾಲ್ಕೂ ಅಂಚನ್ನು ಬಿಸಿಲಿಗೆ ಹಿಡಿದು ನೋಡಿ. ಕಪ್ಪು ಸಂದು ಕಂಡರೆ ಬೇಡ ಅನ್ನಿ. ಆ ಟೊಳ್ಳಿನಲ್ಲಿ ಸಡಿಲವಾದ ಪದರ ಇದ್ದರೆ ಒಂದು ನಿರ್ದಿಷ್ಟ ಸ್ವರ ಬಂದಾಗ ಮಾತ್ರ ಝರ್ ಅನ್ನುತ್ತದೆ. ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ಹುಡುಕಿ ಸುಸ್ತಾಗುತ್ತೀರಿ. ಬ್ಲಾಕ್‌ಬೋರ್ಡ್ ಬೇಡ ಅನ್ನುವುದೂ ಇದೇ ಕಾರಣಕ್ಕೆ. ಅದರ ಒಳಗಿನ ಮರದ ಪಟ್ಟಿಗಳ ನಡುವೆ ಸಂದು ಇದ್ದೇ ಇರುತ್ತದೆ. ಪಾರ್ಟಿಕಲ್ ಬೋರ್ಡ್ ಅಗ್ಗ, ಸದ್ದಿನಲ್ಲಿ ಪರವಾಗಿಲ್ಲ, ಆದರೆ ಸ್ಕ್ರೂ ಹಿಡಿಯುವುದಿಲ್ಲ, ಮೂಲೆ ಉದುರುತ್ತದೆ. ಕೈಯಿಂದ ಮಾಡುವವರಿಗೆ ಅದು ಕಷ್ಟ.

ಈಗ ಊರಿನ ಮಾತು. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಒಣ ಕೋಣೆಯಲ್ಲಿ ಇಡುವ, ಬಣ್ಣ ಹೊಡೆಯುವ ಬಾಕ್ಸಿಗೆ 18 ಎಂಎಂ ಎಂಡಿಎಫ್. ಮಂಗಳೂರು, ಉಡುಪಿ, ಕಾರವಾರದಲ್ಲಿ ಅಥವಾ ಮಳೆಗಾಲದಲ್ಲಿ ಗೋಡೆಯೇ ಬೆವರುವ ಮಲೆನಾಡಿನ ಮನೆಯಲ್ಲಿ ಮರೀನ್ ಪ್ಲೈ. ಅಲ್ಲೂ ಬಣ್ಣವೇ ಬೇಕು ಅನ್ನುವವರು ಎಚ್‌ಡಿಎಚ್‌ಎಂಆರ್ ಅಂತ ಕೇಳಿ. ಎಂಡಿಎಫ್‌ಗಿಂತ ಸಾಂದ್ರ, ತೇವಕ್ಕೆ ಜಾಸ್ತಿ ಗಟ್ಟಿ. ಭಾರವೂ ಜಾಸ್ತಿ, ಬ್ಲೇಡ್ ಬೇಗ ಮೊಂಡಾಗುತ್ತದೆ.

ಗಟ್ಟಿ ಮರ? ತೇಗ, ಬೀಟೆ, ಹಲಸು ಕಣ್ಣಿಗೆ ಹಬ್ಬ. ಮನೆ ಕೆಡವಿದಾಗ ಸಿಕ್ಕ ಹಳೆಯ ತೇಗದ ಹಲಗೆ ಇದೆ, ಅದರಲ್ಲಿ ಮಾಡಲಾ ಅಂತ ಕೇಳುವವರು ತುಂಬಾ ಜನ. ಮರ ಅಡ್ಡಕ್ಕೆ ಉಸಿರಾಡುತ್ತದೆ, ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಆರೂ ಕಡೆ ಅಂಟಿನಿಂದ ಕಟ್ಟಿಹಾಕಿದರೆ ಎಲ್ಲೋ ಒಂದು ಕಡೆ ಸೀಳಲೇಬೇಕು. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಅದು ಇನ್ನೂ ಬೇಗ. ಆ ಹಳೆಯ ತೇಗವನ್ನು ಮುಂಭಾಗದ ಅಂಚುಪಟ್ಟಿಗೋ ಸ್ಟ್ಯಾಂಡಿಗೋ ಬಳಸಿ. ನೆನಪೂ ಉಳಿಯುತ್ತದೆ, ಬಾಕ್ಸೂ ಉಳಿಯುತ್ತದೆ.

ಇನ್ನೊಂದು ಆಯ್ಕೆಯನ್ನು ಹೇಳದೆ ಮುಂದೆ ಹೋಗಲಾರೆ: ಮಣ್ಣಿನ ಮಡಕೆ. ಟೇಪ್‌ರೆಕಾರ್ಡರ್ ಕಾಲದಲ್ಲಿ ಹಳ್ಳಿಯ ಹುಡುಗರು ಮಡಕೆಯ ಬಾಯಿಗೆ 4 ಇಂಚಿನ ಸ್ಪೀಕರ್ ಕೂರಿಸಿ ಕೇಳುತ್ತಿದ್ದರು. ಅದರಲ್ಲಿ ನಿಜವಾದ ಜಾಣತನ ಇದೆ. ಮಡಕೆಗೆ ಎದುರುಬದುರಾದ ಗೋಡೆಗಳಿಲ್ಲ. ಬಾಗಿದ ಮೈ ತೆಳುವಾಗಿದ್ದರೂ ಬಿಗಿ. 1950ರ ದಶಕದ ಆರಂಭದಲ್ಲಿ ಆರ್‌ಸಿಎ ಕಂಪನಿಯ ಹ್ಯಾರಿ ಓಲ್ಸನ್ ಬೇರೆಬೇರೆ ಆಕಾರದ ಬಾಕ್ಸ್‌ಗಳನ್ನು ಅಳೆದು ನೋಡಿದಾಗ ಎಲ್ಲಕ್ಕಿಂತ ನಯವಾದ ಫಲಿತಾಂಶ ಕೊಟ್ಟದ್ದು ಗೋಳವೇ. 3 ಅಥವಾ 4 ಇಂಚಿನ ಫುಲ್‌ರೇಂಜ್ (ಎಲ್ಲ ಸ್ವರವನ್ನೂ ಒಂದೇ ನುಡಿಸುವ) ಸ್ಪೀಕರ್ ಇದ್ದರೆ ಇವತ್ತಿಗೂ ಮಾಡಿ ನೋಡಿ. ಒಳ ಅಳತೆಗೆ ಲೀಟರ್ ಚೊಂಬಿನಲ್ಲಿ ನೀರು ಹೊಯ್ದು ಎಣಿಸಿದರಾಯಿತು. ಆಮೇಲೆ ಚೆನ್ನಾಗಿ ಒಣಗಿಸಿ, ಒಳಗೆ ಬಣ್ಣ ಬಳಿದು ಮಣ್ಣಿನ ರಂಧ್ರ ಮುಚ್ಚಿ. ಬಾಯಿಗೆ ಪ್ಲೈವುಡ್ ಉಂಗುರ ಅಂಟಿಸಿ. ಕೂರಿಸಲು ಸಿಂಬಿ ಇದ್ದೇ ಇದೆ. ಮಡಕೆ ತಟ್ಟಿದರೆ ಟಣ್ ಅನ್ನುತ್ತದಲ್ಲ, ಅದನ್ನು ಅಡಗಿಸಲು ಒಳಗೋಡೆಗೆ ಬಿಟುಮೆನ್ (ಡಾಂಬರು) ಹಾಳೆಯ ತುಂಡುಗಳನ್ನು ಒತ್ತಿ.

ದಪ್ಪ ಹಲಗೆಯೋ, ಒಳಗೆ ಅಡ್ಡಪಟ್ಟಿಯೋ

18ರ ಬದಲು 25 ಎಂಎಂ ಹಾಕಿದರೆ ಹಲಗೆಯ ಬಿಗಿ ಎರಡೂವರೆ ಪಟ್ಟು ಮೀರುತ್ತದೆ, ನಿಜ. ಆದರೆ ಭಾರವೂ ಏರುವುದರಿಂದ ಅದು ಕಂಪಿಸುವ ಸ್ವರ ಮೇಲೇರುವುದು ಸುಮಾರು 1.4 ಪಟ್ಟು ಮಾತ್ರ. ಅದೇ ಹಲಗೆಯ ನಡುವೆ ಒಂದು ಅಡ್ಡಪಟ್ಟಿ ಹಾಕಿ ಅದರ ಹರವನ್ನು ಅರ್ಧ ಮಾಡಿದರೆ ಆ ಸ್ವರ ನಾಲ್ಕು ಪಟ್ಟಿನವರೆಗೂ ಏರಬಹುದು. ಅಷ್ಟು ಮೇಲೇರಿದ ಕಂಪನ ಏಳುವುದು ಕಷ್ಟ, ಅಡಗಿಸುವುದು ಸುಲಭ. ಹಾಗಾಗಿ ದಪ್ಪ ಹಲಗೆಗೆ ದುಡ್ಡು ಹಾಕುವ ಬದಲು ಉಳಿದ ತುಂಡುಗಳಲ್ಲೇ ಪಟ್ಟಿ ಕತ್ತರಿಸಿ ಎಡಗೋಡೆಯಿಂದ ಬಲಗೋಡೆಗೆ, ಮುಂದಿನಿಂದ ಹಿಂದಕ್ಕೆ ಕೊಡಿ. ಸರಿಯಾಗಿ ಮಧ್ಯಕ್ಕೆ ಬೇಡ, ಸ್ವಲ್ಪ ಆಚೀಚೆ ಇರಲಿ. ಎರಡು ಭಾಗಗಳೂ ಒಂದೇ ಸ್ವರಕ್ಕೆ ಕಂಪಿಸುವುದು ತಪ್ಪುತ್ತದೆ.

ಇದಕ್ಕೆ ಪೂರ್ತಿ ಬೇರೆಯ ದಾರಿ ಹಿಡಿದವರು ಬಿಬಿಸಿ ಎಂಜಿನಿಯರ್‌ಗಳು. 1970ರ ದಶಕದ ಅವರ ಎಲ್‌ಎಸ್3/5ಎ ಎಂಬ ಪುಟ್ಟ ಸ್ಪೀಕರ್ 12 ಎಂಎಂ ಬರ್ಚ್ ಪ್ಲೈನದು, ಒಳಗೆ ಬಿಟುಮೆನ್ ಹಾಳೆ. ಗೋಡೆಯನ್ನು ಬಿಗಿಯಾಗಿಸುವ ಬದಲು ಕಂಪನವನ್ನು ನುಂಗಿಸಿಬಿಡುವುದು ಅವರ ಉಪಾಯ. ಮಾತಿನ ದನಿಗೆ ಆ ಸ್ಪೀಕರ್ ಇವತ್ತಿಗೂ ಹೆಸರುವಾಸಿ. ನನ್ನ ಮೊದಲ ಬಾಕ್ಸೂ 12 ಎಂಎಂನದೇ ಆಗಿತ್ತು, ಆದರೆ ಕಂಪನ ನುಂಗಲು ಒಳಗೆ ಏನೂ ಇರಲಿಲ್ಲ. ಈಗ ನಾನು ಎರಡನ್ನೂ ಬೆರೆಸುತ್ತೇನೆ: 18 ಎಂಎಂ ಹಲಗೆ, ಒಂದೆರಡು ಅಡ್ಡಪಟ್ಟಿ, ದೊಡ್ಡ ಗೋಡೆಗಳಿಗೆ ಕಾರಿನ ಬಾಗಿಲಿಗೆ ಅಂಟಿಸುವ ಬಿಟುಮೆನ್ ಹಾಳೆ. ಬೆಂಗಳೂರಿನ ಜೆಸಿ ರೋಡಿನಂಥ ಕಾರ್ ಸಾಮಾನಿನ ಬೀದಿಯಲ್ಲಿ ಅದು ಸಿಗುತ್ತದೆ.

ಒಳಗೆ ತುಂಬಲು ದಿಂಬಿನ ಪಾಲಿಯೆಸ್ಟರ್ ಹತ್ತಿ ಸಾಕು. ಅರಳೆ ಕಾಲಕ್ರಮೇಣ ಗಂಟು ಕಟ್ಟಿ ಕೆಳಗಿಳಿಯುತ್ತದೆ. ಗ್ಲಾಸ್‌ವೂಲ್ ಚೆನ್ನಾಗಿ ನುಂಗುತ್ತದೆ, ಆದರೆ ಮೈಕೈ ತುರಿಕೆ, ಪೋರ್ಟ್ ಇದ್ದರೆ ನಾರು ಹೊರಗೂ ಬರುತ್ತದೆ. ಮುಚ್ಚಿದ ಬಾಕ್ಸನ್ನು ಸಡಿಲವಾಗಿ ಪೂರ್ತಿ ತುಂಬಿ. ಪೋರ್ಟ್ ಇರುವುದಕ್ಕೆ ಗೋಡೆಗೆ ಮಾತ್ರ ಅಂಟಿಸಿ, ಕೊಳವೆಯ ಬಾಯಿ ಖಾಲಿ ಬಿಡಿ.

ಕತ್ತರಿಸುವುದು, ಕೂಡಿಸುವುದು

ಕೈಗರಗಸದಲ್ಲಿ ಕೊಯ್ಯುವ ಹಟ ಬೇಡ. ಪ್ಲೈವುಡ್ ಅಂಗಡಿಗಳಲ್ಲೋ ಹತ್ತಿರದ ಫರ್ನಿಚರ್ ವರ್ಕ್‌ಶಾಪಿನಲ್ಲೋ ಪ್ಯಾನಲ್ ಸಾ ಇರುತ್ತದೆ. ಒಂದೇ ಅಗಲದ ತುಂಡುಗಳನ್ನೆಲ್ಲ ಒಂದೇ ಸೆಟ್ಟಿಂಗ್‌ನಲ್ಲಿ ಕತ್ತರಿಸಿಕೊಡಿ ಅಂತ ಕೇಳಿಕೊಳ್ಳಿ. ಅಳತೆ ಅರ್ಧ ಮಿಲಿಮೀಟರ್ ತಪ್ಪಿದರೂ ಎಲ್ಲವೂ ಒಂದೇ ಥರ ತಪ್ಪುವುದರಿಂದ ಬಾಕ್ಸ್ ಚೌಕವಾಗಿಯೇ ಕೂಡುತ್ತದೆ. ನಮ್ಮ ಉದಾಹರಣೆಯ ಜೋಡಿಗೆ ಅರ್ಧ ಹಾಳೆ ಸಾಕು, ಅಡ್ಡಪಟ್ಟಿಗಳೂ ಅದರಲ್ಲೇ ಬರುತ್ತವೆ. ವೂಫರಿನ ಗುಂಡಿಗೆ ದೇವರಮನೆ ಬಾಗಿಲಿನ ಜಾಲಿ ಕೊರೆಯುವ ಸಿಎನ್‌ಸಿ ಅಂಗಡಿಗೆ ಮುಂಭಾಗದ ಹಲಗೆ ಒಯ್ಯಿರಿ. ಜಿಗ್‌ಸಾದಲ್ಲಿ ನಾನು ಎಷ್ಟು ಹುಷಾರಾಗಿ ತೆಗೆದರೂ ಅಷ್ಟು ದುಂಡಗೆ ಬಂದದ್ದಿಲ್ಲ.

ಜೋಡಣೆಯಲ್ಲಿ ಮೂರು ದಾರಿ. ಅಂಚಿಗೆ ಅಂಚು ಇಟ್ಟು ಅಂಟಿಸುವುದು ಸುಲಭ. ತೋಡು ತೆಗೆದು ಕೂರಿಸುವುದು ಅದಕ್ಕಿಂತ ಗಟ್ಟಿ, ಹಲಗೆ ತಾನಾಗಿ ಜಾಗಕ್ಕೆ ಕೂರುತ್ತದೆ. 45 ಡಿಗ್ರಿ ಕೋನದಲ್ಲಿ ಕತ್ತರಿಸಿ ಕೂಡಿಸುವುದು ನೋಡಲು ಚಂದ, ಮಾಡಲು ಕಷ್ಟ. ಸದ್ದಿನ ಲೆಕ್ಕದಲ್ಲಿ ಮೂರಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ, ಗಾಳಿ ಸೋರದಿದ್ದರೆ ಸರಿ. ಬಿಳಿ ಫೆವಿಕಾಲ್ ಒಣಗಿದ ಮೇಲೆ ಎಂಡಿಎಫ್‌ಗಿಂತ ಗಟ್ಟಿ, ಎಳೆದರೆ ಅಂಟು ಬಿಡುವ ಮೊದಲು ಹಲಗೆಯ ನಾರು ಕಿತ್ತು ಬರುತ್ತದೆ. ಕ್ಲಾಂಪ್ ಹಾಕಿ ಒಂದು ರಾತ್ರಿ ಬಿಡಿ, ಮೂಲೆಮಟ್ಟ ಹಿಡಿದು ನೋಡುವುದು ಅಂಟು ಹಸಿ ಇರುವಾಗಲೇ ಆಗಲಿ. ಕ್ಲಾಂಪ್ ಕಡಿಮೆ ಇದ್ದರೆ ಮೊದಲು ಸಣ್ಣ ತೂತು ಕೊರೆದು ಸ್ಕ್ರೂ ಹಾಕಿ. ಒಳಮೂಲೆಗಳಿಗೆಲ್ಲ ಇನ್ನೊಂದು ಗೆರೆ ಅಂಟು ಎಳೆಯಿರಿ. ಸಿಲಿಕಾನ್ ಬಳಸುವುದಾದರೆ ವಿನೆಗರ್ ವಾಸನೆ ಬರುವುದು ಬೇಡ, ಒಣಗುವಾಗ ಅದು ಬಿಡುವ ಆಮ್ಲ ತಾಮ್ರಕ್ಕೆ ಒಳ್ಳೆಯದಲ್ಲ.

ವೂಫರಿಗೆ ಮರದ ಸ್ಕ್ರೂ ಬದಲು ಟಿ-ನಟ್ (ಹಲಗೆಯ ಹಿಂದಿನಿಂದ ಕೂರಿಸುವ ಲೋಹದ ನಟ್) ಮತ್ತು ಮೆಷಿನ್ ಸ್ಕ್ರೂ ಹಾಕಿ. ಕ್ರಾಸ್‌ಓವರ್ ತಿದ್ದಲು ಎಷ್ಟು ಸಲ ಬಿಚ್ಚುತ್ತೀರೋ ಲೆಕ್ಕ ಇರುವುದಿಲ್ಲ.

ಸೋರಿಕೆ ನೋಡಲು ನಾನು ಊದುಬತ್ತಿ ಹಚ್ಚುತ್ತೇನೆ. ಬೇಸ್ ಜಾಸ್ತಿ ಇರುವ ಹಾಡು ಹಾಕಿ, ಹೊಗೆಯನ್ನು ಸಂದಿನ ಗುಂಟ ನಿಧಾನವಾಗಿ ತನ್ನಿ. ಸೋರುವ ಕಡೆ ಹೊಗೆ ನಡುಗುತ್ತದೆ. ಕಿಡಿ ವೂಫರಿನ ಕಾಗದಕ್ಕೆ ತಾಗದ ಹಾಗೆ ನೋಡಿಕೊಳ್ಳಿ.

ಹೊರಮೈ: ಎಲ್ಲಕ್ಕಿಂತ ಜಾಸ್ತಿ ದಿನ ಹಿಡಿಯುವ ಕೆಲಸ

ಬಣ್ಣ, ಸನ್ಮೈಕಾ, ವೆನೀರ್, ರೆಕ್ಸಿನ್. ಈ ನಾಲ್ಕರಲ್ಲಿ ಯಾವುದನ್ನು ಆರಿಸಿದರೂ ಸದ್ದು ಬದಲಾಗುವುದಿಲ್ಲ. ಇದು ನಿಮ್ಮ ಕಣ್ಣಿಗೆ, ಮನೆಯವರ ಕಣ್ಣಿಗೆ ಬಿಟ್ಟದ್ದು. ಆದರೆ ಕೈಗೆಷ್ಟು ಕೆಲಸ ಅನ್ನುವುದರಲ್ಲಿ ಅಜಗಜಾಂತರ.

ಬಣ್ಣ ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅದೇ ಎಲ್ಲಕ್ಕಿಂತ ಕಠಿಣ. ಎಂಡಿಎಫ್‌ನ ಮುಖ ಬಣ್ಣ ಕುಡಿಯುವುದಿಲ್ಲ, ಅಂಚು ಮಾತ್ರ ಬಿಸಿಲಿಗೆ ಒಣಗಿದ ನೆಲದ ಹಾಗೆ ಹೀರುತ್ತದೆ. ಅಂಚಿಗೆ ಮೊದಲು ನೀರು ಬೆರೆಸಿದ ಫೆವಿಕಾಲನ್ನೋ ಸ್ಯಾಂಡಿಂಗ್ ಸೀಲರನ್ನೋ ಎರಡು ಮೂರು ಕೋಟ್ ಕೊಟ್ಟು ಉಜ್ಜಬೇಕು. ಆಮೇಲೆ ಪ್ರೈಮರ್, ಪುಟ್ಟಿ, 180ರಿಂದ 320ರವರೆಗೆ ಸ್ಯಾಂಡ್‌ಪೇಪರ್, ಮತ್ತೆ ಪ್ರೈಮರ್. ಇಷ್ಟೆಲ್ಲ ಮಾಡಿ ಕನ್ನಡಿಯಂಥ ಡುಕೋ ಬಣ್ಣ ಹೊಡೆಸಿದರೂ ಕೆಲವು ತಿಂಗಳಾದ ಮೇಲೆ ಜೋಡಣೆಯ ಗೆರೆ ಕೂದಲೆಳೆಯಷ್ಟು ತೆಳ್ಳಗೆ ಮೇಲೆದ್ದು ಕಾಣಬಹುದು. ಹಲಗೆಯ ಮುಖ ಮತ್ತು ಅಂಚು ತೇವಕ್ಕೆ ಒಂದೇ ಸಮ ಹಿಗ್ಗುವುದಿಲ್ಲ, ಅದಕ್ಕೇ ಹೀಗಾಗುತ್ತದೆ. ನನ್ನ ಎರಡನೇ ಜೋಡಿಯಲ್ಲಿ ಇದನ್ನು ಕಂಡು ತುಂಬಾ ಬೇಜಾರಾಗಿತ್ತು. ಈಗ ಗೊತ್ತಿರುವ ಪರಿಹಾರ ಎರಡು: ಬಾಕ್ಸ್ ಕೂಡಿಸಿದ ಮೇಲೆ ಬಣ್ಣಕ್ಕೆ ಮುಂಚೆ ಕೆಲವು ವಾರ ಸುಮ್ನೆ ಒಣಗಲು ಬಿಡುವುದು, ಮತ್ತು ಹೊಳಪಿನ ಬದಲು ಮ್ಯಾಟ್ ಬಣ್ಣ ಹಚ್ಚುವುದು.

ಮಳೆಗಾಲದಲ್ಲಿ ಎನ್‌ಸಿ ಲ್ಯಾಕರ್ (ಥಿನ್ನರ್ ಬೆರೆಸಿ ಹೊಡೆಯುವ, ಬೇಗ ಆರುವ ಪಾಲಿಶ್) ಸ್ಪ್ರೇ ಮಾಡಬೇಡಿ. ಥಿನ್ನರ್ ಬೇಗ ಆರಿ ಮೈ ತಣ್ಣಗಾದಾಗ ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಹಾಲು ಚೆಲ್ಲಿದ ಹಾಗೆ ಬಿಳಿ ಮಬ್ಬು ಬರುತ್ತದೆ. ಬಯಲಿನಲ್ಲಿ, ಒಣ ಮಧ್ಯಾಹ್ನದಲ್ಲಿ, ಮಾಸ್ಕ್ ಹಾಕಿಕೊಂಡು ಮಾಡಿ. ಎಂಡಿಎಫ್ ಉಜ್ಜುವಾಗಲಂತೂ ಮಾಸ್ಕ್ ಬೇಕೇ ಬೇಕು, ಆ ಧೂಳಿನಲ್ಲಿ ಮರದ ಜೊತೆ ಅಂಟೂ ಇರುತ್ತದೆ.

ಸನ್ಮೈಕಾ ಒಂದೇ ದಿನದ ಕೆಲಸ. 1 ಎಂಎಂ ಹಾಳೆ, ಎರಡೂ ಕಡೆ ರಬ್ಬರ್ ಅಂಟು, ಕೈಗೆ ಅಂಟದಷ್ಟು ಆರಿದ ಮೇಲೆ ಒತ್ತುವುದು. ಒಮ್ಮೆ ಕೂತರೆ ಸರಿಸಲು ಆಗುವುದಿಲ್ಲ, ಹಾಗಾಗಿ ನಡುವೆ ಕಡ್ಡಿಗಳನ್ನಿಟ್ಟು ಸರಿಯಾಗಿ ಹೊಂದಿಸಿಕೊಂಡು ಒಂದೊಂದೇ ಕಡ್ಡಿ ಎಳೆಯಿರಿ. ನೀರಿಗೆ, ಮಕ್ಕಳ ಕೈಗೆ ಇದರಷ್ಟು ಗಟ್ಟಿ ಬೇರೆ ಇಲ್ಲ. ಬಾಡಿಗೆ ಮನೆಯಿಂದ ಮನೆಗೆ ಸಾಮಾನು ಸಾಗಿಸುವವರಿಗೆ ಇದನ್ನೇ ಹೇಳುತ್ತೇನೆ. ಮೂಲೆಯಲ್ಲಿ ಕಪ್ಪು ಗೆರೆ ಕಾಣುತ್ತದೆ, ಅಂಚನ್ನು ದುಂಡಗೆ ಮಾಡಲು ಆಗುವುದಿಲ್ಲ. ರೆಕ್ಸಿನ್ ದುಂಡಂಚಿಗೂ ಸುತ್ತುತ್ತದೆ, ತಪ್ಪುಗಳನ್ನು ಮುಚ್ಚುತ್ತದೆ. ಸೆಕೆಯ ಊರಿನಲ್ಲಿ ವರ್ಷಗಳಾದ ಮೇಲೆ ಕೆಲವು ರೆಕ್ಸಿನ್ ಪುಡಿಪುಡಿಯಾಗಿ ಸುಲಿಯುತ್ತದೆ.

ನನ್ನ ಮನಸ್ಸು ವೆನೀರ್ ಕಡೆಗೆ. ತೇಗದ ತೆಳು ಪದರ ಹಚ್ಚಿದರೆ ಕಣ್ಣಿಗೆ ತೇಗದ ಬಾಕ್ಸ್, ಒಳಗೆ ಅಲುಗದ ಎಂಡಿಎಫ್. ನಮ್ಮ ಅಂಗಡಿಗಳಲ್ಲಿ ಜಾಸ್ತಿ ಸಿಗುವುದು ತೆಳು ಪ್ಲೈ ಮೇಲೆ ಅಂಟಿಸಿದ 4 ಎಂಎಂ ಹಾಳೆ, ಅದನ್ನು ಲೆಕ್ಕಕ್ಕೆ ಹಿಡಿದೇ ಹೊರ ಅಳತೆ ಹಾಕಿಕೊಳ್ಳಿ. ಮರದ ಗೆರೆ ಎಡಪಕ್ಕದಿಂದ ಮೇಲಕ್ಕೆ ಹತ್ತಿ ಬಲಪಕ್ಕಕ್ಕೆ ಇಳಿಯುವ ಹಾಗೆ ಒಂದೇ ಪಟ್ಟಿಯಿಂದ ಕತ್ತರಿಸಿದರೆ ನೋಡಿದವರು ಕೈಯಾಡಿಸದೆ ಹೋಗುವುದಿಲ್ಲ.

ಅದರ ಮೇಲಿನ ಪಾಲಿಶ್‌ನಲ್ಲೂ ಆಯ್ಕೆ ಇದೆ. ಮೆಲಮೈನ್, ಪಿಯು (ಪಾಲಿಯುರೆಥೇನ್) ಎರಡೂ ಗಟ್ಟಿ, ಆದರೆ ಸ್ಪ್ರೇ ಗನ್ ಇರುವ ಪಾಲಿಶ್ ಕೆಲಸದವರೇ ಬೇಕು. ನಿಮ್ಮ ಕೈಯಲ್ಲೇ ಮಾಡುವುದಾದರೆ ಫ್ರೆಂಚ್ ಪಾಲಿಶ್. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಹತ್ತಿ ಸುತ್ತಿದ ಬಟ್ಟೆಯ ಉಂಡೆಯಿಂದ ತೆಳ್ಳಗೆ, ಹತ್ತಾರು ಸಲ ತಿಕ್ಕುವುದು. ಚನ್ನಪಟ್ಟಣದ ಗೊಂಬೆಗೆ ಆ ಹೊಳಪು ಬರುವುದೂ ಅರಗಿನಿಂದಲೇ. ಕೆಟ್ಟರೆ ಸ್ಪಿರಿಟ್ ಹಚ್ಚಿ ಸರಿಮಾಡಬಹುದು. ಬಿಸಿ ಕಾಫಿ ಲೋಟ ಇಟ್ಟರೆ ಮಾತ್ರ ಬಿಳಿ ಉಂಗುರ ಬೀಳುತ್ತದೆ, ಅದನ್ನು ಮನೆಯಲ್ಲಿ ಮೊದಲೇ ಹೇಳಿಬಿಡಿ.

ಪಾಲಿಶ್ ಯಾವುದೇ ಇರಲಿ, ಕೈಗೆ ಅಂಟುವುದಿಲ್ಲ ಅಂದ ಮಾತ್ರಕ್ಕೆ ಒಣಗಿದೆ ಅಂತಲ್ಲ. ವಾಸನೆ ಪೂರ್ತಿ ಹೋಗುವವರೆಗೆ, ಕಡಿಮೆ ಅಂದರೂ ಒಂದು ವಾರ ಕಾಯಿರಿ. ಅದಕ್ಕೆ ಮುಂಚೆ ವೂಫರ್ ಕೂರಿಸಿ ಬಿಗಿದರೆ ಅದರ ಫೋಮ್ ಗ್ಯಾಸ್ಕೆಟ್ ಹಸಿ ಪಾಲಿಶ್‌ಗೆ ಹಿಡಿದುಕೊಳ್ಳುತ್ತದೆ, ಮುಂದಿನ ಸಲ ಬಿಚ್ಚುವಾಗ ವೆನೀರ್ ಸಮೇತ ಎದ್ದು ಬರುತ್ತದೆ.